ಅಣ್ಣನ ರೇಡಿಯೇಷನ್, ಅಮ್ಮನ ಬಿಸಿನೀರು

ನಮ್ಮಣ್ಣ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಹಾಯಕ. ರೇಡಿಯೇಷನ್ ಕೋಣೆಯ ಸೀಸದ ಬಾಗಿಲು ತೆಗೆಯುವುದು, ರೋಗಿಗಳನ್ನು ಯಂತ್ರದ ಕೆಳಗೆ ಮಲಗಿಸುವುದು, ಬಾಗಿಲು ಹಾಕಿ ಹೊರಬರುವುದು ಅವನ ಕೆಲಸ. ರೇಡಿಯೇಷನ್ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ರೋಗಿಗಳಿಗೆ ಬಾಂಬು, ಬೋಳುತಲೆ, ಸಾವು ಎಲ್ಲ ಒಟ್ಟಿಗೇ ನೆನಪಾಗುತ್ತಿದ್ದವು. ಅದಕ್ಕೇ ಅಣ್ಣ ಅದನ್ನು ಬಾಯಿಗೇ ತರುತ್ತಿರಲಿಲ್ಲ. "ಬನ್ನಿ ಅಜ್ಜಿ, ಫೋಟೋ ತೆಗೆದ ಹಾಗೆ ಅಷ್ಟೇ. ಪೌಡರ್ ಬೇಡ, ಚೆನ್ನಾಗೇ ಇದೀರ" ಎನ್ನುತ್ತಿದ್ದ. ನಡುಗುತ್ತ ಬಂದವರು ನಗುತ್ತ ಮಲಗುತ್ತಿದ್ದರು.

ಮನೆಯಲ್ಲಿ ಆ ಪುಣ್ಯಾತ್ಮನ ಕಥೆಯೇ ಬೇರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಅವನನ್ನು ಹೊಸ್ತಿಲಲ್ಲೇ ತಡೆದಿದ್ದಳು. ಚಿಕ್ಕಂದಿನಲ್ಲಿ ಪತ್ರಿಕೆಯಲ್ಲಿ ಬಾಂಬು ಬಿದ್ದ ಊರಿನ ಚಿತ್ರ ನೋಡಿದ್ದಳು. ರೇಡಿಯೇಷನ್ ಅಂದರೆ ಅವಳಿಗೆ ಅದೇ.

"ಅದು ಬಟ್ಟೆಗೆಲ್ಲ ಅಂಟ್ಕೊಂಡು ಬರುತ್ತಂತಲ್ಲೋ? ಮೊದಲು ಬಚ್ಚಲಿಗೆ ನಡಿ, ನೀರು ಕಾಯ್ಸಿದೀನಿ."

ಯಂತ್ರ ನಿಂತರೆ ರೇಡಿಯೇಷನ್ನೂ ನಿಂತಂತೆ, ದೀಪ ಆರಿಸಿದ ಹಾಗೆ. ಅಣ್ಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ದಿನವಿಡೀ ನಿಂತು ಸೋತ ಕಾಲು, ಎದುರಿಗೆ ಹಂಡೆ ತುಂಬ ಬಿಸಿನೀರು! "ಹೂಂ ಕಣಮ್ಮ, ಸ್ವಲ್ಪ ಅಂಟುತ್ತೆ" ಅಂದುಬಿಟ್ಟ. ಅಂದಿನಿಂದ ಸಂಜೆ ಅವನು ಬರುವ ಹೊತ್ತಿಗೆ ನೀರು ಸಿದ್ಧ, ಟವೆಲ್ ಸಿದ್ಧ. ಅರಸನ ಹಾಗೆ ಹಾಡಿಕೊಂಡು ಮೀಯುತ್ತಿದ್ದ. ತಂಗಿಯಾದ ನನಗೆ ಮಾತ್ರ ತಣ್ಣೀರೇ ಗತಿ. ನನ್ನ ಹೊಲಿಗೆ ಅಂಗಡಿಯಲ್ಲಿ ಬಾಂಬು ಇರಲಿಲ್ಲವಲ್ಲ!

ವರ್ಷಗಳು ಉರುಳಿದವು. ಅಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. "ಬೇಗ ಬಂದಿದ್ದೀರಿ, ರೇಡಿಯೇಷನ್ ಕೊಟ್ಟರೆ ವಾಸಿಯಾಗುತ್ತೆ" ಎಂದರು ಡಾಕ್ಟರು. ಅಣ್ಣನಿಗೆ ಹೋದ ಜೀವ ಬಂದಂತಾಯಿತು.

"ನಮ್ಮ ಕೋಣೇನೇ ಅಮ್ಮ. ನಾನೇ ಮಲಗಿಸ್ತೀನಿ."

ಅಮ್ಮ ಅವನನ್ನೇ ದಿಟ್ಟಿಸಿದಳು. "ನಿನ್ನ ಬಟ್ಟೆಯಿಂದ ಅದನ್ನ ತೊಳೆದೂ ತೊಳೆದೂ ನನ್ನ ಕೈ ಸವೆದುಹೋಯ್ತು. ಈಗ ಅದನ್ನೇ ನನ್ನ ಗಂಟಲಿಗೆ ಬಿಡ್ತೀಯಾ?"

"ಅದು ಅಂಟಲ್ಲ ಅಮ್ಮ. ಬಿಸಿನೀರಿನ ಆಸೆಗೆ ಸುಳ್ಳು ಹೇಳಿದ್ದೆ."

ನನಗೂ ಆಗಲೇ ಗೊತ್ತಾದದ್ದು. ಅಮ್ಮ ನಕ್ಕಳು. "ಹೋಗೋ, ನನ್ನ ಒಪ್ಪಿಸೋಕೆ ಈಗ ಸುಳ್ಳು ಹೇಳ್ತಿದೀಯ."

ಅಣ್ಣ ಅತ್ತ, ಗೋಗರೆದ, ಡಾಕ್ಟರನ್ನು ಮನೆಗೇ ಕರೆತಂದ. ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಂಡವರ ಅಮ್ಮಂದಿರನ್ನೆಲ್ಲ ನಗಿಸಿ ಮಲಗಿಸಿದವನಿಗೆ ಹೆತ್ತವಳನ್ನು ಒಪ್ಪಿಸಲಾಗಲಿಲ್ಲ.

ಗಂಟು ಬೆಳೆದು ಮಾತು ನಿಂತ ಮೇಲೂ ಅಮ್ಮ ಅವನ ಸೈಕಲ್ ಸದ್ದು ಕೇಳಿದರೆ ಕೈಯೆತ್ತಿ ಬಚ್ಚಲು ತೋರಿಸುತ್ತಿದ್ದಳು. ನಾನು ನೀರು ಕಾಯಿಸಿಟ್ಟಿರುತ್ತಿದ್ದೆ. ಅವಳ ಸಮಾಧಾನಕ್ಕೆ ಅಣ್ಣ ಹೋಗಿ ಮೀಯುತ್ತಿದ್ದ. ಹಾಡು ಮಾತ್ರ ಕೇಳಿಸುತ್ತಿರಲಿಲ್ಲ.

ಅಮ್ಮ ಹೋದಳು. ಅಣ್ಣ ಈಗಲೂ ಅದೇ ಬಾಗಿಲು ತೆಗೆಯುತ್ತಾನೆ, ಫೋಟೋ ಅನ್ನುವುದನ್ನು ಬಿಟ್ಟಿದ್ದಾನೆ. "ಇದು ರೇಡಿಯೇಷನ್ ಅಜ್ಜಿ. ಮೈಗೆ ಅಂಟಲ್ಲ. ಮನೆಗೆ ಹೋಗಿ ಮೊಮ್ಮಗೂನ ಎತ್ಕೊಳ್ಳಿ" ಅನ್ನುತ್ತಾನಂತೆ. ಸಂಜೆ ಬಂದು ತಣ್ಣೀರಲ್ಲಿ ಮೀಯುತ್ತಾನೆ. ನಾನು ಬಿಸಿನೀರು ಇಟ್ಟರೂ ಮುಟ್ಟುವುದಿಲ್ಲ.