ಆರೀ ಹೊಲಿದ ಬ್ಯಾಗು

ಆರೀ ಪೋಲ್ಡರ್‌ವಾರ್ಟ್ ಹೆರಿಂಗ್ ಮೀನು ಸೀಳುವುದನ್ನು ಒಮ್ಮೆಯಾದರೂ ನೋಡಬೇಕು! ಬಾಲ ಹಿಡಿದ, ಚಾಕು ಒಂದು ಸಲ ಹೋಯಿತು, ಮುಳ್ಳಿನ ಸಾಲು ಇಡಿಯಾಗಿ ಕೈಗೆ ಬಂತು, ಅಷ್ಟೇ. ಅಷ್ಟರಲ್ಲಿ ಅವನ ಬಾಯಿ ಮೂರು ಗಿರಾಕಿಗಳ ಜೊತೆ ಜಗಳವಾಡಿ ಮುಗಿಸಿರುತ್ತದೆ. ನಮ್ಮ ಬಂದರೂರು ಫ್ಲಾರ್ಡಿಂಗನ್ನಿನ ಸಂತೆಯಲ್ಲಿ, ಚರ್ಚಿನ ಗೋಡೆಗೆ ಒರಗಿದ ಹಾಗೆ ನಿಲ್ಲುವ ಅವನ ಮೀನಿನ ಗಾಡಿಯಲ್ಲಿ ನಾನು ಕಾಲೇಜು ಸೇರಿದಾಗಿನಿಂದ ಕೆಲಸ ಮಾಡುತ್ತಿದ್ದೇನೆ. ಬಟ್ಟೆ, ಕೂದಲು, ನೋಟ್ಸು ಎಲ್ಲವೂ ಮೀನೆಣ್ಣೆಯ ವಾಸನೆ ಹೊಡೆಯುತ್ತವೆ, ಆದರೂ ಈ ಕೆಲಸ ಬಿಡಲು ನನಗೆ ಮನಸ್ಸಿಲ್ಲ. ಯಾಕೆಂದರೆ ಅಷ್ಟು ಮಜಾ ಬೇರೆಲ್ಲೂ ಸಿಗುವುದಿಲ್ಲ.

"ಏನಜ್ಜಿ, ಇವತ್ತು ಮೀನು ನಿನಗೋ, ನಿನ್ನ ಬಾಯ್‌ಫ್ರೆಂಡಿಗೋ?"

"ಬೆಕ್ಕಿಗೆ ಕಣೋ. ಬಾಯ್‌ಫ್ರೆಂಡಿಗೆ ಹಲ್ಲಿಲ್ಲ."

"ಹಲ್ಲಿಲ್ದಿದ್ರೆ ಒಳ್ಳೇದೇ ಬಿಡು, ಕಚ್ಚಲ್ಲ!"

ಕ್ಯೂ ಪೂರ್ತಿ ನಗುತ್ತದೆ. ಅಜ್ಜಿ ಬೈಯುತ್ತಾ ಹೋಗುತ್ತಾಳೆ, ಮುಂದಿನ ವಾರ ಮತ್ತೆ ಬಂದು ಬೈಸಿಕೊಳ್ಳುತ್ತಾಳೆ.

ಆರೀಗೆ ಐವತ್ತು ದಾಟಿದೆ. ನಮ್ಮದೇ ಬೀದಿ, ನಮ್ಮ ಪಕ್ಕದ ಮನೆ. ಅವನ ಅಪ್ಪ ಮೀನುಗಾರ, ಅಜ್ಜ ಮೀನುಗಾರ. ಇವನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. "ನಮ್ಮ ವಂಶದಲ್ಲಿ ಮೀನು ನೆಲದ ಮೇಲೆ ಹಿಡಿಯೋನು ನಾನೊಬ್ನೇ" ಎಂದು ತಾನೇ ತನ್ನನ್ನು ಗೇಲಿ ಮಾಡಿಕೊಳ್ಳುತ್ತಾನೆ. ಹೆಂಡತಿ ಕೊರ್ರೀ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಒಬ್ಬನೇ ಮಗ ಯೆಲ್ಲೆ, ಹದಿನೇಳು ವರ್ಷ. ಕೋಲಿನಂಥ ಮೈ, ಕಣ್ಣಿಗೆ ಬೀಳುವ ಕೂದಲು. ಅಪ್ಪನ ಜೋಕಿಗೆಲ್ಲ "ಅಯ್ಯೋ ಅಪ್ಪಾ" ಎಂದು ಮುಖ ಮುಚ್ಚಿಕೊಳ್ಳುವ ಹುಡುಗ.

ಈ ಯೆಲ್ಲೆ ಕಳೆದ ಚಳಿಗಾಲದಲ್ಲಿ ಹಾಳಾಗತೊಡಗಿದ. ಹುಡುಗರು 'ಬೆಕ್ಕು' ಎಂದು ಕರೆಯುವ ಒಂದು ಬಿಳಿ ಪುಡಿ ಇದೆ, ಮೂಗಿನಿಂದ ಎಳೆದುಕೊಳ್ಳುವುದು. ಪಾರ್ಟಿಗಳಲ್ಲಿ ಶುರುವಾಗಿ ಆಮೇಲೆ ಶಾಲೆಯ ಸೈಕಲ್ ಶೆಡ್ಡಿಗೂ ಬಂತು. ಒಂದು ಭಾನುವಾರ ಯೆಲ್ಲೆ ಊಟದ ಮೇಜಿನಲ್ಲಿ ದವಡೆ ಆಡಿಸುತ್ತಾ ಕೂತಿದ್ದನಂತೆ. ಬಾಯಲ್ಲಿ ಏನೂ ಇಲ್ಲ, ಆದರೂ ಅಗಿಯುತ್ತಿದ್ದ. ಆರೀ ಜ್ವರ ಎಂದುಕೊಂಡು ಸೋಂಪು ಹಾಕಿದ ಬಿಸಿ ಹಾಲು ಮಾಡಿಕೊಟ್ಟ! ಕಥೆ ಹೇಳುವಾಗ ಇದೊಂದನ್ನು ಮಾತ್ರ ಆರೀ ಜೋಕಾಗಿ ಹೇಳಲಾರ.

"ಸೋಂಪಿನ ಹಾಲು ಕಣಮ್ಮಾ ಮರಿ. ಅವನ ಮೂಗಿಂದ ರಕ್ತ ಬರ್ತಿದೆ, ನಾನು ಹಾಲು ಕಾಯಿಸ್ತಾ ಇದೀನಿ."

ಆಮೇಲೆ ಶಾಲೆಯಿಂದ ಫೋನು ಬಂತು, ಡಾಕ್ಟರು ಬಂದರು, ಅಳು ಬಂತು. ಕೊರ್ರೀ ಅವನ ಕೋಣೆಯ ಬಾಗಿಲನ್ನೇ ಕಿತ್ತು ಶೆಡ್ಡಿಗೆ ಹಾಕಿಸಿದಳು. ಆರೀ ಅವನನ್ನು ದಿನವೂ ಮೀನಿನ ಗಾಡಿಯಲ್ಲೇ ಶಾಲೆಗೆ ಬಿಟ್ಟ. ಗೇಟಿನ ಮುಂದೆ, ಎಲ್ಲರೆದುರಿಗೆ, ಗಾಡಿಯ ನೆತ್ತಿಯ ಮೇಲಿನ ಪ್ಲಾಸ್ಟಿಕ್ ಹೆರಿಂಗ್ ಸಮೇತ! ಯೆಲ್ಲೆ ಸೀಟಿನ ಕೆಳಗೆ ಜಾರುತ್ತಿದ್ದ. "ನಾಚ್ಕೆ ಆದ್ರೆ ಆಗ್ಲಿ ಬಿಡೋ, ನಾಚ್ಕೆ ಮೂಗಿಗೆ ಹೋಗಲ್ಲ" ಎನ್ನುತ್ತಿದ್ದ ಆರೀ. ಪುಡಿ ನಿಂತಿತು. ಪೂರ್ತಿ ನಿಂತಿತೋ ಇಲ್ಲವೋ ದೇವರಿಗೇ ಗೊತ್ತು, ಆದರೆ ದವಡೆ ಆಡುವುದು ನಿಂತಿತು. ಹುಡುಗ ಓದಲು ಕೂತ.

ಯಾಕೆ ಓದಲು ಕೂತ ಎಂದರೆ, ಉತ್ತರದ ದ್ವೀಪವೊಂದರಲ್ಲಿ ಹಡಗಿನ ಕಾಲೇಜಿದೆ. ಅಲ್ಲೇ ಹಾಸ್ಟೆಲು. ಫೆರಿಯಲ್ಲಿ ಹೋಗಬೇಕು, ಸುತ್ತಲೂ ನೀರು. ಯೆಲ್ಲೆಗೆ ಸೀಟು ಸಿಕ್ಕಿತ್ತು, ಬೋರ್ಡ್ ಪರೀಕ್ಷೆ ಪಾಸಾಗುವುದೊಂದೇ ಬಾಕಿ. ಆರೀ ಮೀನು ಕರಿಯುತ್ತಾ ಅದನ್ನೇ ಮಂತ್ರದ ಹಾಗೆ ಹೇಳುತ್ತಿದ್ದ: "ಆಗಸ್ಟಲ್ಲಿ ದ್ವೀಪ. ಪಾಸಾದ್ರೆ ಸಾಕು, ದ್ವೀಪ. ಇಲ್ಲಿಯವರ್ಯಾರೂ ಅಲ್ಲಿಗೆ ಬರಲ್ಲ."

ಈಗ ಬ್ಯಾಗಿನ ವಿಷಯ. ಯೆಲ್ಲೆಯ ಸ್ಕೂಲ್ ಬ್ಯಾಗಿನ ತಳ ಹರಿದಾಗ ಕೊರ್ರೀ ಹೊಸದು ತರೋಣ ಎಂದಳು. ಆರೀ ಕೇಳಲಿಲ್ಲ. ಗಾಡಿಯ ಮುಂದೆ ನೆರಳಿಗೆ ಕಟ್ಟುವ ಕೇಸರಿ-ಬಿಳಿ ಪಟ್ಟೆಯ ಟಾರ್ಪಾಲಿನಿಂದ ಒಂದು ತುಂಡು ಕತ್ತರಿಸಿ, ಹಡಗಿನ ಹಾಯಿ ಹೊಲಿಯುವ ಅಪ್ಪನ ಸೂಜಿಯಿಂದ ತಾನೇ ತೇಪೆ ಹಾಕಿದ. ನೀಲಿ ಬ್ಯಾಗಿಗೆ ಕೇಸರಿ ಪಟ್ಟೆಯ ತಳ! ಇಡೀ ಊರಲ್ಲಿ ಅಂಥದ್ದು ಒಂದೇ. ವಸಂತ ಬಂದಾಗ ಯೆಲ್ಲೆ ಆ ಬ್ಯಾಗು ಬಿಟ್ಟು ಸೂಪರ್‌ಮಾರ್ಕೆಟ್ಟಿನ ಚೀಲದಲ್ಲಿ ಪುಸ್ತಕ ಒಯ್ಯತೊಡಗಿದ.

"ಬ್ಯಾಗೆಲ್ಲೋ?"

"ಪಟ್ಟಿ ಕಿತ್ತೋಯ್ತಪ್ಪಾ."

"ತಾ, ಹೊಲಿದ್ಕೊಡ್ತೀನಿ."

"ಬೇಡ ಬಿಡಪ್ಪಾ."

ಫ್ಯಾಷನ್ನು ಎಂದುಕೊಂಡು ಆರೀ ಸುಮ್ಮನಾದ.

ಜೂನ್ ಬಂತು. ವರ್ಷದ ಮೊದಲ ಹೊಸ ಹೆರಿಂಗೂ ಪರೀಕ್ಷೆಯ ಫಲಿತಾಂಶವೂ ಒಂದೇ ವಾರ! ನಮ್ಮಲ್ಲಿ ಫಲಿತಾಂಶವನ್ನು ಕ್ಲಾಸ್ ಟೀಚರು ಮಧ್ಯಾಹ್ನ ಫೋನು ಮಾಡಿ ಹೇಳುತ್ತಾರೆ. ಮೊದಲು ಫೇಲಾದವರಿಗೆ, ಆಮೇಲೆ ಪಾಸಾದವರಿಗೆ. ಹಾಗಾಗಿ ಫೋನು ತಡವಾದಷ್ಟೂ ಒಳ್ಳೆಯದು, ಆದರೆ ಕಾಯುವುದು ನರಕ. ಆರೀ ಅವತ್ತು ಗಾಡಿ ತೆಗೆದಿರಲಿಲ್ಲ. ನಾನೂ ಅವರ ಅಡುಗೆಮನೆಯಲ್ಲೇ ಇದ್ದೆ. ಕೊರ್ರೀ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು. ಫೋನು ಬಾರದೆ ಬಾರದೆ ಕೊನೆಗೆ ಬಂತು. ಯೆಲ್ಲೆ ಎತ್ತಿದ, ಕೇಳಿದ, ಗೋಡೆಗೆ ಒರಗಿದ.

"ಪಾಸ್" ಎಂದ. ಸದ್ದೇ ಇಲ್ಲದ ದನಿಯಲ್ಲಿ.

ಆಮೇಲೆ ಆ ಮನೆಯಲ್ಲಿ ಎದ್ದ ಕೂಗು! ಆರೀ ಮಗನನ್ನು ಮೀನಿನ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಕುಣಿದ. ಬೀದಿಯವರೆಲ್ಲ ಬಂದು ಅಪ್ಪನಿಗೆ, ಅಮ್ಮನಿಗೆ, ನನಗೂ ಕೂಡ ಕಂಗ್ರಾಟ್ಸ್ ಹೇಳಿದರು. ಯೆಲ್ಲೆ ಸೈಕಲ್ ಹತ್ತಿ ಶಾಲೆಯ ಗೆಳೆಯರ ಕಡೆ ಹಾರಿಹೋದ.

ನಮ್ಮಲ್ಲಿ ಮಕ್ಕಳು ಪಾಸಾದ ಮನೆಯವರು ಬಾಗಿಲ ಮೇಲೆ ಧ್ವಜ ಹಾರಿಸಿ, ಕೋಲಿನ ತುದಿಗೆ ಮಗುವಿನ ಸ್ಕೂಲ್ ಬ್ಯಾಗು ತೂಗುಹಾಕಬೇಕು. ಆ ವಾರ ಯಾವ ಬೀದಿಗೆ ಹೋದರೂ ಬ್ಯಾಗುಗಳೇ ಬ್ಯಾಗುಗಳು. ಆರೀ ಧ್ವಜ ಸಿಕ್ಕಿಸಿದ. ಬ್ಯಾಗಿಲ್ಲ! ಕೋಣೆ ಹುಡುಕಿದ, ಅಟ್ಟ ಹುಡುಕಿದ. ಕೊನೆಗೆ ಮನೆಯ ಹಿಂದಿನ ಸೈಕಲ್ ಶೆಡ್ಡಿನಲ್ಲಿ ಅಜ್ಜನ ಕಾಲದ ಬಲೆಗಳ ಅಡಿಯಲ್ಲಿ ಸಿಕ್ಕಿತು. ಪಟ್ಟಿ ಕಿತ್ತೇ ಇರಲಿಲ್ಲ.

"ನೋಡು ಕಳ್ಳನ್ನ! ಅಪ್ಪನ ಹೊಲಿಗೆ ನಾಚ್ಕೆ ಅಂತ ಬಚ್ಚಿಟ್ಟಿದಾನೆ" ಎಂದು ನಗುತ್ತಾ ಏಣಿ ಹತ್ತಿದ. ಕೇಸರಿ ಪಟ್ಟೆಯ ತಳ ಬೀದಿಗೆ ಕಾಣುವಂತೆ ತಿರುಗಿಸಿ ತೂಗುಹಾಕಿದ. ನಾವೆಲ್ಲ ಚಪ್ಪಾಳೆ ಹೊಡೆದೆವು.

ಅಷ್ಟರಲ್ಲಿ ದಪ್ಪ ಚಕ್ರದ ಬ್ಯಾಟರಿ ಸೈಕಲ್ಲಿನಲ್ಲಿ ಇಬ್ಬರು ಬಂದರು. ಒಬ್ಬ ಸ್ಟೈನ್, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಯಾವಾಗಲೂ ಮಿಂಚುವ ಬಿಳಿ ಶೂ. ಸಂತೆಗೂ ಬರುತ್ತಾನೆ, "ಪ್ಲೀಸ್", "ಥ್ಯಾಂಕ್ಸ್" ಇಲ್ಲದೆ ಮಾತಾಡುವುದಿಲ್ಲ. ಸೈಕಲ್ ನಿಲ್ಲಿಸಿದ. ಬ್ಯಾಗಿನ ಕಡೆ ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ.

"ಯೆಲ್ಲೆದಾ?" ಎಂದ.

"ಇನ್ಯಾರ್ದು!" ಆರೀ ಏಣಿಯ ಮೇಲಿಂದಲೇ ಕೂಗಿದ. "ಪಾಸು ಕಣಯ್ಯಾ! ಬನ್ನಿ, ಹೆರಿಂಗ್ ತಿನ್ನಿ, ಇವತ್ತು ನಂದು!"

"ಇದೇ ಬ್ಯಾಗಾ ಅವ್ನು ಯಾವಾಗ್ಲೂ ತರ್ತಿದ್ದಿದ್ದು?"

"ಇದೇ! ನಾನೇ ಹೊಲಿದಿದ್ದು. ಇಂಥದ್ದು ಇನ್ನೊಂದು ತೋರ್ಸು ನೋಡೋಣ!"

ಸ್ಟೈನ್ ನಕ್ಕ. ಫೋನು ತೆಗೆದು ಬ್ಯಾಗಿನ ಫೋಟೋ ಹೊಡೆದುಕೊಂಡ. ಆರೀ ಪಕ್ಕದಲ್ಲಿ ಪೋಸು ಕೊಟ್ಟ. ಹೆಬ್ಬೆರಳು ಎತ್ತಿ, ಬಾಯಿ ಕಿವಿಯವರೆಗೆ ಹಿಗ್ಗಿಸಿ! ಇಬ್ಬರೂ ಹೆರಿಂಗ್ ತಿಂದು, ಥ್ಯಾಂಕ್ಸ್ ಹೇಳಿ ಹೋದರು.

ಸಂಜೆ ಬಿಸಿಲಿರುವಾಗಲೇ ಯೆಲ್ಲೆ ಬಂದ. ತಿರುವಿನಲ್ಲಿ ಹಾಡು ಹೇಳುತ್ತಾ ಬಂದವನು ಧ್ವಜ ನೋಡಿದ, ಬ್ಯಾಗು ನೋಡಿದ, ಸೈಕಲ್ ಕೈಬಿಟ್ಟ. ಅದು ಬಿದ್ದ ಸದ್ದಿಗೆ ನಾವು ತಿರುಗಿದೆವು.

"ಅಪ್ಪಾ, ಇಳ್ಸು ಅದನ್ನ."

"ಯಾಕೋ, ಹೊಲಿಗೆ ಚೆನ್ನಾಗಿಲ್ವಾ?"

"ಇಳ್ಸಪ್ಪಾ, ಬೇಗ. ಯಾರಾದ್ರೂ ನೋಡಿದ್ರಾ?"

"ಊರೇ ನೋಡಿದೆ. ನಿನ್ನ ಫ್ರೆಂಡು ಸ್ಟೈನ್ ಫೋಟೋನೂ ತಗೊಂಡು ಹೋದ."

ಯೆಲ್ಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೊರ್ರೀ ಅವನನ್ನು ಒಳಗೆ ಎಳೆದುಕೊಂಡಳು. ಬ್ಯಾಗು ಇಳಿಸಲು ಯಾರಿಗೂ ನೆನಪಾಗಲಿಲ್ಲ.

ಒಳಗೆ ಅವನು ಹೇಳಿದ್ದನ್ನು ಆರೀ ನನಗೆ ಮರುದಿನ ಗಾಡಿಯಲ್ಲಿ ಹೇಳಿದ. ಗಾಡಿಯ ಮುಂಬಾಗಿಲು ಎಳೆದುಕೊಂಡು, ಎಣ್ಣೆ ಕಾಯಿಸದೆ. ಪುಡಿ ಸಿಗುತ್ತಿದ್ದದ್ದೇ ಸ್ಟೈನಿನ ಹುಡುಗರಿಂದ. ಪುಡಿ ಬಿಟ್ಟರೂ ಅವರು ಬಿಡಲಿಲ್ಲ. ಸ್ಕೂಲ್ ಬ್ಯಾಗನ್ನು ಯಾರೂ ತಪಾಸಣೆ ಮಾಡುವುದಿಲ್ಲ, ಬಂದರಿನ ಹತ್ತಿರದಿಂದ ಒಂದು ಪೊಟ್ಟಣ ತಂದುಕೊಡು, ಒಂದೇ ಸಲ ಎಂದರಂತೆ. ಏಪ್ರಿಲ್‌ನಲ್ಲಿ ಯೆಲ್ಲೆ ತಂದ. ನದಿಯ ಏರಿಯ ಮೇಲೆ ಪೊಲೀಸ್ ಜೀಪು ಕಂಡು ಹೆದರಿ ಪೊಟ್ಟಣವನ್ನು ನೀರಿಗೆ ಎಸೆದ. ಸ್ಟೈನಿಗೆ ಹೇಳಿದ್ದು ಬೇರೆ: ಪೊಲೀಸರು ಅಟ್ಟಿಸಿಕೊಂಡು ಬಂದರು, ಬ್ಯಾಗು ಸಮೇತ ನದಿಗೆ ಬಿತ್ತು, ಎಲ್ಲ ಮುಳುಗಿತು. ಅವರು ಹೊಡೆದರು, ಆದರೆ ನಂಬಿದರು. ಇಂಥ ಪುಕ್ಕಲ ನಮಗೆ ಬೇಡ ಎಂದು ಬಿಟ್ಟುಬಿಟ್ಟರು.

"ಬಿಟ್ಬಿಟ್ಟಿದ್ರು ಕಣಮ್ಮಾ" ಎಂದ ಆರೀ. "ಅವ್ರು ಬಿಟ್ಬಿಟ್ಟಿದ್ರು. ನಾನು ಏಣಿ ಹತ್ತಿ ತೋರಿಸ್ದೆ. ಈಗ ಅವ್ರ ತಲೇಲಿ ಏನಿದೆ ಗೊತ್ತಾ? ಬ್ಯಾಗಿದ್ರೆ ಮಾಲೂ ಇದೆ, ಇವ್ನೇ ನುಂಗಿದಾನೆ."

"ಬ್ಯಾಗನ್ನೂ ಎಸೀಬೋದಿತ್ತಲ್ವಾ?"

"ನಾನೂ ಅದನ್ನೇ ಕೇಳ್ದೆ. ಯಾಕೋ ಎಸೀಲಿಲ್ಲ, ದರಿದ್ರದವ್ನೇ ಅಂತ. ಏನಂದ ಗೊತ್ತಾ? 'ನೀನು ಹೊಲಿದಿದ್ದಲ್ವಾಪ್ಪಾ' ಅಂದ."

ಆರೀ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏಪ್ರನ್ನಿನಿಂದ ಒರೆಸಿಕೊಂಡದ್ದಕ್ಕೆ ಕಣ್ಣಿಗೆ ಮೀನಿನ ಉಪ್ಪು ತಾಗಿ ಇನ್ನಷ್ಟು ನೀರು ಬಂತು.

ಅವನು ನಮ್ಮ ಬೀದಿಯ ಉಸ್ತುವಾರಿಯ ಮಹಿಳಾ ಪೊಲೀಸಿನ ಬಳಿಗೂ ಹೋದ. ಒಳ್ಳೆಯ ಹೆಂಗಸು, ಗಾಡಿಯ ಹಳೆಯ ಗಿರಾಕಿ. ಪೂರ್ತಿ ಕೇಳಿಸಿಕೊಂಡಳು.

"ಯೆಲ್ಲೆ ಬಂದು ಹೇಳಿಕೆ ಕೊಡ್ಲಿ ಆರೀ. ಕೊಟ್ರೆ ನಾನು ಮುಂದಕ್ಕೆ ಹೋಗ್ತೀನಿ."

"ಕೊಟ್ರೆ ನಮ್ಮ ಮನೆ ಬಾಗಿಲಿಗೆ ಪಟಾಕಿ ಬಾಂಬು ಕಟ್ತಾರೆ. ಹಿಂದಿನ ಬೀದೀಲಿ ಕಟ್ಟಿದ್ರಲ್ಲ? ಆ ಮನೇಲಿ ಮಗು ಇತ್ತು."

"ಗೊತ್ತು."

"ಮತ್ತೆ?"

ಅವಳು ಆರೀಯ ಕೈ ಹಿಡಿದುಕೊಂಡಳಂತೆ. ಯೆಲ್ಲೆಯೂ ಹೇಳಿಕೆ ಕೊಡಲು ಹೋಗಲಿಲ್ಲ, ಕೊರ್ರೀಯೂ ಅವನನ್ನು ಹೊರಗೆ ಬಿಡಲಿಲ್ಲ.

ಮುಂದಿನ ಸಂತೆಗೆ ಸ್ಟೈನ್ ಬಂದ. ಕ್ಯೂನಲ್ಲಿ ತನ್ನ ಸರದಿ ಬರುವವರೆಗೂ ನಿಂತ. ಮುಂದಿದ್ದ ಅಜ್ಜಿಯ ಚೀಲ ಹಿಡಿದುಕೊಂಡು ಸಹಾಯವನ್ನೂ ಮಾಡಿದ!

"ಒಂದು ಹೆರಿಂಗ್ ಪ್ಲೀಸ್, ಆರೀ. ಅಂದ್ಹಾಗೆ ಯೆಲ್ಲೆ ದ್ವೀಪಕ್ಕೆ ಹೋಗ್ತಾನಂತೆ?"

ಆರೀ ಚಾಕು ಒರೆಸಿದ.

"ಪಾಪ, ಅಷ್ಟು ದೂರ ಯಾಕೆ? ಅಮ್ಮಂಗೆ ಬೇಜಾರಾಗಲ್ವಾ? ಇಲ್ಲೇ ಬಂದರಲ್ಲಿ ಕಂಟೇನರ್ ಯಾರ್ಡಲ್ಲಿ ಹುಡುಗರನ್ನ ತಗೋತಿದಾರೆ. ಪರೀಕ್ಷೆ ಪಾಸಾಗಿರ್ಬೇಕು, ಅಷ್ಟೇ. ಗೇಟ್ ಪಾಸು ಕೊಡ್ತಾರೆ, ಒಳಗೆ ಯಾರೂ ತಡೆಯಲ್ಲ. ನಾನು ಮಾತಾಡಿದೀನಿ. ಅವ್ನೂ ಫೋನಲ್ಲಿ ಹೂಂ ಅಂದಿದಾನೆ."

ಆರೀಯ ಕೈಯಲ್ಲಿ ಚಾಕು ಇತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಹಿಂದೆ ಕ್ಯೂ ಉದ್ದವಿತ್ತು, ಯಾರೋ "ಬೇಗ ಮಾಡೋ ಆರೀ, ಮೀನು ಮುದಿಯಾಗ್ತಿದೆ" ಎಂದು ರೇಗಿಸಿದರು. ಆರೀ ಮೀನಿನ ಬಾಲ ಹಿಡಿದ, ಸೀಳಿದ. ಮೊದಲ ಸಲ ಮುಳ್ಳು ಅರ್ಧಕ್ಕೆ ತುಂಡಾಯಿತು. ಉಳಿದದ್ದನ್ನು ಬೆರಳಿನಿಂದ ಒಂದೊಂದಾಗಿ ಕಿತ್ತ.

"ಈರುಳ್ಳಿ ಹಾಕ್ಲಾ?" ಎಂದ.

"ಹಾಕಿ ಪ್ಲೀಸ್." ಸ್ಟೈನ್ ನಮ್ಮೂರ ರೂಢಿಯಂತೆ ತಲೆ ಹಿಂದಕ್ಕೆ ಚೆಲ್ಲಿ, ಉಪ್ಪು ಹಾಕಿದ ಹಸಿ ಮೀನನ್ನು ಬಾಯಿಗೆ ಇಳಿಬಿಟ್ಟುಕೊಂಡು ತಿಂದ. ಕೈ ಒರೆಸಿಕೊಂಡ. "ಸೂಪರ್. ಆಮೇಲೆ ಆ ಬ್ಯಾಗು ಇಳಿಸ್ಬೇಡಿ ಆಯ್ತಾ? ಚೆನ್ನಾಗಿ ಕಾಣುತ್ತೆ. ದಿನಾ ನೋಡೋಕೆ ಖುಷಿ ಆಗುತ್ತೆ."

ಮೂರು ಗಿರಾಕಿ ಕಳೆದ ಮೇಲೆ ಆ ಹಲ್ಲಿಲ್ಲದ ಬಾಯ್‌ಫ್ರೆಂಡಿನ ಅಜ್ಜಿ ಬಂದಳು. ಜೋಕಿಗೆ ಕಾದು ನಿಂತಳು. ಆರೀ ಮೀನು ಕಟ್ಟಿ ಕೊಟ್ಟ. "ಏನೋ, ಬಾಯಿ ಬಿದ್ದೋಯ್ತಾ?" ಎಂದಳು. "ಹೌದಜ್ಜಿ" ಎಂದ.

ಆಗಸ್ಟಿನಲ್ಲಿ ಹಡಗಿನ ಕಾಲೇಜಿನಿಂದ ಫೋನು ಬಂತು, ಹಾಸ್ಟೆಲಿನಲ್ಲಿ ಯೆಲ್ಲೆಯ ಹಾಸಿಗೆ ಇಟ್ಟುಕೊಂಡಿರಬೇಕಾ ಎಂದು. ಕೊರ್ರೀ ಎತ್ತಿದಳು. "ಬೇಡ, ಬೇರೆ ಮಗೂಗೆ ಕೊಡಿ" ಎಂದು ಇಟ್ಟಳು. ಯೆಲ್ಲೆ ಹಳದಿ ಜಾಕೆಟ್ಟು ತೊಟ್ಟು ಬಂದರಿಗೆ ಹೋಗುತ್ತಾನೆ. ಅಲ್ಲಿ ಅವರು ಅವನಿಂದ ಏನು ಮಾಡಿಸುತ್ತಿದ್ದಾರೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಊಟದ ಹೊತ್ತಿಗೆ ಅವನ ದವಡೆ ಮತ್ತೆ ಆಡುತ್ತಿರುತ್ತದಂತೆ. ಆರೀ ನೋಡುತ್ತಾನೆ, ಎದ್ದು ಹಾಲು ಕಾಯಿಸುತ್ತಾನೆ, ಸೋಂಪು ಹಾಕುತ್ತಾನೆ. ಯೆಲ್ಲೆಯೂ ಕುಡಿಯುತ್ತಾನೆ. ಇಬ್ಬರಿಗೂ ಬೇರೇನು ಮಾಡಬೇಕೆಂದು ಗೊತ್ತಿಲ್ಲ.

ಬೇರೆ ಮನೆಗಳ ಬ್ಯಾಗುಗಳು ಜೂನ್‌ನಲ್ಲೇ ಇಳಿದವು. ಎದುರು ಮನೆಯವರು ಮೊನ್ನೆ ಆರೀಗೆ, "ಏನಪ್ಪಾ, ಮಗ ಡಾಕ್ಟರ್ ಆಗೋವರೆಗೂ ತೂಗ್ಸೋ ಪ್ಲಾನಾ?" ಎಂದು ಛೇಡಿಸಿದರು. ಆರೀ ನಕ್ಕ. ಧ್ವಜವನ್ನು ಮಾತ್ರ ಒಳಗಿಟ್ಟಿದ್ದಾನೆ, ಬ್ಯಾಗು ಅಲ್ಲೇ ಇದೆ. ಗಾಳಿ ಬಂದಾಗ ಕೋಲು ಕಿರುಗುಟ್ಟುತ್ತದೆ, ಕೇಸರಿ ಬಣ್ಣ ಮಳೆಗೆ ಬಿಳಿಚಿದೆ. ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿಲ್ಲ. ಯೆಲ್ಲೆ ಕೆಲಸಕ್ಕೆ ಹೋಗುವಾಗ ತಲೆ ತಗ್ಗಿಸಿ ಅದರ ಅಡಿಯಲ್ಲೇ ದಾಟುತ್ತಾನೆ. ಹಿಂದೆ ಬಾಗಿಲಲ್ಲಿ ಆರೀ ನಿಂತಿರುತ್ತಾನೆ. ತಿರುವಿನಲ್ಲಿ ಬಿಳಿ ಶೂಗಳು ಕಾಯುತ್ತಿರುತ್ತವೆ.