ಕುರ್ಚಿಯ ನಾಲ್ಕನೇ ಕಾಲು

ನಮ್ಮ ಸೋದರತ್ತೆ ಮೂವತ್ತೊಂದು ವರ್ಷ ಮುರಿದ ಹಲ್ಲುಗಳ ಚಿತ್ರ ಬರೆದು ನಿವೃತ್ತರಾದರು. ದಂತವೈದ್ಯರ ಹತ್ತಿರವಲ್ಲ, ಯಂತ್ರ ರಿಪೇರಿಯ ವರ್ಕ್‌ಶಾಪಿನಲ್ಲಿ. ಹಳೇ ಯಂತ್ರದ ಹಲ್ಲುಚಕ್ರ ಒಡೆದು, ಅದರ ನಕ್ಷೆ ಎಲ್ಲೂ ಸಿಗದಾಗ ಅತ್ತೆ ಸ್ಟೂಲೆಳೆದುಕೊಂಡು ಅದರ ಮುಂದೆ ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಬೇಕು. ಅದನ್ನು ನೋಡಿಕೊಂಡು ಲೇತಿನವನು ಹೊಸದನ್ನು ಮಾಡಬೇಕು. ಒಮ್ಮೆ ಅತ್ತೆ ಚಕ್ರದ ಬಿರುಕನ್ನೂ ಬರೆದರು. ಲೇತಿನವನು ಬಹಳ ಶ್ರದ್ಧೆಯಿಂದ ಬಿರುಕಿರುವ ಹೊಸ ಚಕ್ರವನ್ನೇ ಮಾಡಿಕೊಟ್ಟ. "ಕಂಡಿದ್ದನ್ನ ಬರೆದೆ, ನನ್ನದೇನು ತಪ್ಪು?" ಎಂದು ಅತ್ತೆ ಇವತ್ತಿಗೂ ವಾದಿಸುತ್ತಾರೆ.

ನಿವೃತ್ತಿಯಾದ ಮೇಲೆ ಮನೆಯಲ್ಲೇ ಕೂತು ಪೆನ್ಸಿಲ್ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಎಲ್ಲರ ಮೂಗು ಅಳೆಯತೊಡಗಿದರು. ಮಾವನಿಗೆ ಸಾಕಾಯಿತು.

"ತಾಯೀ, ಕೈ ಮುಗೀತೀನಿ. ನನ್ನ ಮುಖ ಬಿಟ್ಟು ಬೇರೆ ಏನಾದ್ರೂ ನೋಡು."

ಅತ್ತೆ ನೋಡಿಕೊಂಡದ್ದು ನೀರಿನ ಟ್ಯಾಂಕಿನ ಹಿಂದಿನ ತಗಡಿನ ಮನೆಗಳ ಸಾಲನ್ನು. ಅಲ್ಲಿ ಪಂಪ್‌ಹೌಸಿಗೆ ಅಂಟಿಕೊಂಡಂತೆ ವಾರ್ಡ್ ಕಚೇರಿಯ ಖಾಲಿ ಕೋಣೆಯೊಂದಿತ್ತು. ಬೀಗದ ಕೈ ಕೇಳಿ ಪಡೆದು, ಚಿತ್ರ ಬರೆಯುವ ಕ್ಲಾಸು ಶುರು ಮಾಡಿದರು. ಚಿಂದಿ ಆಯುವವರ, ಗಾರೆ ಕೆಲಸದವರ, ಇಸ್ತ್ರಿ ಗಾಡಿಯವರ ಮಕ್ಕಳು ಹದಿನೆಂಟು ಜನ ಸೇರಿದರು. ಮೊದಲ ದಿನ ಅತ್ತೆ "ಬರೆ" ಎಂದ ಕೂಡಲೇ ಒಬ್ಬ ಹುಡುಗಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು. ಶಾಲೆಯಲ್ಲಿ ಅವಳು ಕಂಡಿದ್ದ ಬರೆ ಬೆತ್ತದ್ದು. ಇಸ್ತ್ರಿ ಗಾಡಿಯವನ ಮಗಳು. ಎಲ್ಲರೂ ಅವಳನ್ನು ಇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾಡಿಯ ದೆಸೆಯಿಂದಷ್ಟೇ ಅಲ್ಲ. ಬಾಯಿ ಸದಾ ಬಿಸಿ, ಯಾರ ಸುಕ್ಕನ್ನೂ ಬಿಡುವವಳಲ್ಲ.

ಮಕ್ಕಳಿಗೆ ಅತ್ತೆ 'ಮಿಸ್'. ಈ ಮಿಸ್ಸು ಯಾವುದನ್ನೂ ಮಿಸ್ಸು ಮಾಡುತ್ತಿರಲಿಲ್ಲ. "ಗೊತ್ತಿರೋದನ್ನ ಬರೀಬೇಡ್ರೋ, ಕಾಣೋದನ್ನ ಬರೀರಿ" ಎಂಬುದೊಂದೇ ಪಾಠ. ರಬ್ಬರ್ ನಿಷಿದ್ಧ.

ಒಂದೂವರೆ ವರ್ಷ ಕಳೆದ ಮೇಲೆ ವಾರ್ಡ್ ಕಚೇರಿಗೆ ಬ್ಲೀಚಿಂಗ್ ಪೌಡರ್ ಮೂಟೆ ಇಡಲು ಜಾಗ ಬೇಕಾಯಿತು. ಕೂಡಲೇ ಒಂದು ನೋಟಿಸು: ಸಾಹೇಬರು ತಪಾಸಣೆಗೆ ಬರುತ್ತಾರೆ, ಮಕ್ಕಳ ಕಲಿಕೆ ಅರ್ಧಕ್ಕಿಂತ ಕಡಿಮೆ ಕಂಡರೆ ಕೋಣೆ ಖಾಲಿ ಮಾಡತಕ್ಕದ್ದು. ತಗಡಿನ ಮನೆಗಳಲ್ಲಿ ಕಾಲು ಚಾಚಲೂ ಜಾಗವಿಲ್ಲ, ಹಾಳೆ ಹರಡುವುದೆಲ್ಲಿ ಬಂತು? ಕೋಣೆ ಹೋದರೆ ಕ್ಲಾಸೂ ಹೋದಂತೆಯೇ.

ಸಾಹೇಬರು ಬಂದರು. ಗೋಡೆಯ ತುಂಬ ಹದಿನೆಂಟು ಕುರ್ಚಿಗಳು. ನಡುವೆ ಇಟ್ಟಿದ್ದ ಒಂದೇ ಮರದ ಕುರ್ಚಿಯನ್ನು ಸುತ್ತ ಕೂತು ಬರೆದದ್ದು. ಸಾಹೇಬರು ಬೆರಳಿಟ್ಟು ಎಣಿಸಿದರು.

"ಇದಕ್ಕೆ ನಾಲ್ಕು ಕಾಲು, ಸರಿ. ಇದಕ್ಕೆ ಮೂರು. ಇದಕ್ಕೆ... ಎರಡೇ? ಏನಮ್ಮಾ, ಒಂದೂವರೆ ವರ್ಷದಲ್ಲಿ ಕಾಲು ಎಣಿಸೋದಾದ್ರೂ ಕಲಿಸಬಾರ್ದಾ?"

ಪೆನ್ನಿನ ಮುಚ್ಚಳ ತೆಗೆದೇಬಿಟ್ಟರು. ಅತ್ತೆ ಮೂರು ಕಾಲಿನ ಹಾಳೆಯನ್ನು ಗೋಡೆಯಿಂದ ಬಿಡಿಸಿದರು.

"ಸಾರ್, ಇದನ್ನ ಬರೆದೋಳು ಆ ಮೂಲೇಲಿ ಕೂತಿದ್ಲು. ಒಂದ್ನಿಮಿಷ ನೀವೂ ಅಲ್ಲೇ ಕೂತ್ಕೊಳ್ಳಿ."

"ನೆಲದ ಮೇಲಾ? ಆ ಕುರ್ಚಿ ಕೊಡಿ."

"ಅದು ಮಾಡೆಲ್ಲು ಸಾರ್. ಕೆಲಸದಲ್ಲಿದೆ."

ಮಕ್ಕಳೆಲ್ಲ ನೋಡುತ್ತಿದ್ದರು. ಸಾಹೇಬರು ಪ್ಯಾಂಟನ್ನು ಮಂಡಿಯ ಹತ್ತಿರ ಎತ್ತಿಕೊಂಡು, ಉಸ್ಸಪ್ಪಾ ಎಂದು ಕೂತರು. ಇಸ್ತ್ರಿ ಅವರ ಕೈಗೆ ಪೆನ್ಸಿಲ್ ತುರುಕಿದಳು. ಬರೆದರು. ಅವಳು ಬಗ್ಗಿ ನೋಡಿದಳು.

"ಈ ನಾಲ್ಕನೇ ಕಾಲು ಎಲ್ಲಿಂದ ತಂದ್ರಿ ಸಾರ್?"

"ಕುರ್ಚಿಗೆ ನಾಲ್ಕು ಕಾಲಿರುತ್ತಮ್ಮ."

"ಇರುತ್ತೆ. ಕಾಣುತ್ತಾ?"

ಸಾಹೇಬರು ಕತ್ತು ಅತ್ತ ವಾಲಿಸಿದರು, ಇತ್ತ ವಾಲಿಸಿದರು. "ಕತ್ತು ಅಲ್ಲಾಡಿಸಬಾರ್ದು ಸಾರ್!" ಎಂದು ಹದಿನೆಂಟು ಗಂಟಲು ಒಟ್ಟಿಗೇ ಕೂಗಿದವು. ಮುಂದಿನ ಕಾಲು ಹಿಂದಿನದನ್ನು ಪೂರಾ ಮುಚ್ಚಿತ್ತು.

"ಕಾಣಲ್ಲ. ಆದ್ರೆ ಇದೆಯಲ್ಲ!"

"ಹಾಗಾದ್ರೆ ನಿಮ್ಮ ಚಿತ್ರ ಬರೆದ್ರೆ ಬನಿಯನ್ನೂ ಬರೀಬೇಕಾ?"

ಅತ್ತೆ "ಏಯ್!" ಎಂದು ಗದರಿದರು, ಆದರೆ ಅರ್ಧ ಗಂಟಲಿನಲ್ಲಿ. ಸಾಹೇಬರು ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡರು. ಆಮೇಲೆ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಕುರ್ಚಿಯನ್ನೇ ನೋಡಿದರು.

"ಹೌದು ಕಣೇ. ಮೂರೇ."

"ಮತ್ತೆ ಕಂಡಿದ್ದನ್ನೇ ಬರೀರಿ."

ಕೂತಲ್ಲೇ ಫಾರಂ ತೊಡೆಯ ಮೇಲಿಟ್ಟುಕೊಂಡು, 'ಮಕ್ಕಳ ಕಲಿಕೆ ಎಷ್ಟು?' ಎಂಬ ಕಡೆ ಸಾಹೇಬರು ಒಂದೇ ಪದ ಬರೆದರು: ಮುಕ್ಕಾಲು. ಅವರು ಬರೆದದ್ದು ಕಲಿಕೆಯ ಲೆಕ್ಕವೋ ಕುರ್ಚಿಯ ಲೆಕ್ಕವೋ, ಎಂಥ ಬಿರುಕನ್ನೂ ಹಿಡಿಯುವ ಅತ್ತೆಗೂ ಆ ಮುಖದಲ್ಲಿ ಕಾಣಲಿಲ್ಲ.

ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಪತ್ರ ಬಂತು. ಅತ್ತೆ ಕ್ಲಾಸಿನಲ್ಲೇ ಓದಿದರು: "ಕಲಿಕೆಯು ಮುಕ್ಕಾಲು ಪಾಲು ಆಗಿರುವುದನ್ನು ಗಮನಿಸಲಾಗಿದೆ. ಉಳಿದ ಕಾಲನ್ನು ಒಂದು ವರ್ಷದೊಳಗೆ ಪೂರ್ಣಗೊಳಿಸತಕ್ಕದ್ದು. ಅಲ್ಲಿಯವರೆಗೆ ಕೋಣೆಯನ್ನು ತೆರವುಗೊಳಿಸುವ ಅಗತ್ಯವಿರುವುದಿಲ್ಲ."

"ಉಳಿದ ಕಾಲು ಮುಂದಿನ ಕಾಲಿನ ಹಿಂದೇನೇ ಇದೆಯಲ್ಲ ಮಿಸ್," ಎಂದಳು ಇಸ್ತ್ರಿ. "ಹಾಗಂತ ಬರೆದು ಕಳಿಸೋಣ್ವಾ?"

"ಬಾಯಿ ಮುಚ್ಚೇ," ಎಂದರು ಅತ್ತೆ. "ಒಂದು ವರ್ಷ ಅದು ಅಲ್ಲೇ ಅಡಗಿರ್ಲಿ."