ನಮ್ಮ ಮನೆಯ ನಳದ ಫೋಟೊ

ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ ಸಿಂಧನೂರು ಕಡೆಯ ನಮ್ಮೂರಿಗೆ ಇಪ್ಪತ್ತು ವರ್ಷದಿಂದ ನೀರು ಬಿಡುತ್ತಿದ್ದೇನೆ. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಪಂಚಾಯಿತಿಯಿಂದ ಮೇಲಕ್ಕೆ ಕಳಿಸುವ ಸುಸ್ಥಿರ ಅಭಿವೃದ್ಧಿ ಗುರಿಗಳ ವರದಿಗೆ ಪ್ರತಿ ಓಣಿಯಲ್ಲೂ ನೀರು ಬರುವ ನಳದ ಫೋಟೊ ಬೇಕಾಯಿತು. ನಮ್ಮ ಓಣಿ ದಿಬ್ಬದ ಮೇಲಿದೆ, ನಳಗಳಿದ್ದರೂ ಅಲ್ಲಿಗೆ ನೀರು ಏರುವುದಿಲ್ಲ.

"ಇಲ್ಲಂತ ಬರೀರಿ ಸಾಹೇಬ್ರ," ಎಂದೆ.

"ಹಂಗಾದ್ರ ನೀರು ಬಿಡಾಂವ ಏನ್ ಮಾಡಾಕತ್ತಾನ ಅಂತ ಮ್ಯಾಲಿನವರು ಕೇಳ್ತಾರಪಾ," ಎಂದರು ಪಂಚಾಯಿತಿ ಸಾಹೇಬರು.

ಆ ಮಾತು ನನಗೆ ನಾಟಿತು. ಕೆಳಗಿನ ಓಣಿಗಳ ವಾಲ್ವುಗಳನ್ನೆಲ್ಲ ಮುಚ್ಚಿ, ಒಂದು ಗಳಿಗೆ ನಮ್ಮ ಓಣಿಗಷ್ಟೇ ನೀರು ಏರಿಸಿ, ನಮ್ಮ ಮನೆಯ ನಳದ ಫೋಟೊ ತೆಗೆದುಕೊಟ್ಟೆ.

ಈಗ ಓಣಿಯವರು ಹೊಸ ಪೈಪಿಗೆ ಅರ್ಜಿ ಹಿಡಿದು ಹೋದರೆ ಕಚೇರಿಯಲ್ಲಿ ಅದೇ ಫೋಟೊ ತೋರಿಸುತ್ತಾರೆ. ಅದು ಸುಳ್ಳೆಂದರೆ ನನ್ನ ಕೆಲಸ ಹೋಗುತ್ತದೆ. ಹೆಂಡತಿ ಕೊಡ ಹೊತ್ತು ದಿಬ್ಬ ಇಳಿಯುವ ಮೊದಲು ದಿನವೂ ಕೇಳುತ್ತಾಳೆ:

"ಆ ಫೋಟೊದಾಗಿಂದ ಒಂದು ಕೊಡ ತುಂಬಿ ಕೊಡ್ತೀರೇನ್ರೀ?"